ಬಾಗಲಕೋಟೆಯಲ್ಲಿ ಕೂತು ಟ್ಯಾರೋ ಕಲಿತದ್ದು

ಟ್ಯಾರೋ ಅಂದರೆ ಚಿತ್ರದ ಕಾರ್ಡು ತೆಗೆದು ಅದರ ಅರ್ಥ ಓದುವುದು. ಅದನ್ನು ಕಲಿಯುವವರು ಸಾಮಾನ್ಯವಾಗಿ 78 ಕಾರ್ಡುಗಳ ಅರ್ಥವನ್ನು ಬಾಯಿಪಾಠ ಮಾಡುವುದರಿಂದ ಶುರು ಮಾಡುತ್ತಾರೆ. ನಾನು ಹಾಗೆ ಮಾಡಲಿಲ್ಲ. ಕಟ್ಟಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ಕಪಾಟಿನಲ್ಲಿಟ್ಟೆ. ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಒಂದೇ ಒಂದು ಕಾರ್ಡು ತೆಗೆದು, ಅದರಲ್ಲಿ ಕಣ್ಣಿಗೆ ಬಿದ್ದದ್ದನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆ. ಯಾರು ಎತ್ತ ನೋಡುತ್ತಿದ್ದಾರೆ, ಕೈಯಲ್ಲಿ ಏನು ಹಿಡಿದಿದ್ದಾರೆ, ನೀರು ಹರಿಯುತ್ತಿದೆಯೋ ನಿಂತಿದೆಯೋ. ಕಣ್ಣು ಪಳಗುವ ತನಕ ಅರ್ಥದ ಗೊಡವೆಗೇ ಹೋಗಲಿಲ್ಲ.

ನನ್ನ ಆಚರಣೆಯನ್ನು ನಾನು ಪೇಗನ್ ಎಂದು ಕರೆದುಕೊಳ್ಳುತ್ತೇನೆ. ಅದಕ್ಕೆ ಗುರುವಿಲ್ಲ, ದೀಕ್ಷೆಯಿಲ್ಲ, ಗುಂಪೂ ಇಲ್ಲ. ನೆಲ, ನೀರು, ಋತು, ತೀರಿಹೋದ ಹಿರಿಯರು, ಇವರನ್ನು ದಿನವೂ ನೆನೆಯುವುದು, ಅವರವರ ಹೊತ್ತಿಗೆ ಅವರವರ ಎಡೆ ಇಡುವುದು, ಇಷ್ಟೇ. ಟ್ಯಾರೋ ಮತ್ತು ಬೇರೆ ಬೇರೆ ದೇಶಗಳ ಪುರಾಣಗಳು ಇದರೊಳಗೆ ಓದಿನ ದಾರಿಯಾಗಿ ಬಂದವು.

ಇತಿಹಾಸವನ್ನು ಮೊದಲೇ ಸರಿಯಾಗಿ ತಿಳಿದುಕೊಂಡದ್ದು ಬಹಳ ಉಪಕಾರವಾಯಿತು. ಟ್ಯಾರೋ ಹುಟ್ಟಿದ್ದು ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ, ಆಟದ ಎಲೆಗಳಾಗಿ. ಇದು ಪ್ರಾಚೀನ ಈಜಿಪ್ಟಿನ ಜ್ಞಾನ ಎಂಬ ಮಾತನ್ನು 1781ರಲ್ಲಿ ಫ್ರಾನ್ಸಿನ ಆಂತ್ವಾನ್ ಕೂರ್ ದ ಜೆಬ್ಲಾಂ ಬರೆದ. ಅದಕ್ಕೆ ಆಧಾರವಿರಲಿಲ್ಲ, ಆದರೂ ಇವತ್ತಿಗೂ ಅದನ್ನೇ ಹೇಳುವವರಿದ್ದಾರೆ. ಆಟದ ಎಲೆ ಎಂದು ಗೊತ್ತಾದ ಮೇಲೆ ನನ್ನ ಗೌರವವೇನೂ ಕಡಿಮೆಯಾಗಲಿಲ್ಲ. ಬೆಳಗಾವಿಯಿಂದ ಅಂಬೋಲಿ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ದಶಾವತಾರದ ಗಂಜೀಫಾ ಮಾಡುತ್ತಾರಲ್ಲ, ದುಂಡನೆಯ 120 ಎಲೆಗಳು, ಅವತಾರಕ್ಕೆ ಹನ್ನೆರಡರಂತೆ. ಅದೂ ಆಟವೇ. ದೇವರು ಆಟದ ಎಲೆಯ ಮೇಲೆ ಬಂದು ಕೂರುವುದು ನಮಗೆ ಹೊಸದಲ್ಲ.

ನಾನು ಬಳಸುವುದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ರೈಡರ್ ವೇಟ್ ಸ್ಮಿತ್ ಕಟ್ಟು. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, ಚಿತ್ರಗಳು ಪಮೆಲಾ ಕೋಲ್ಮನ್ ಸ್ಮಿತ್ ಅವರದು. ಬಹಳ ಕಾಲ ಆ ಹೆಣ್ಣುಮಗಳ ಹೆಸರು ಕಟ್ಟಿನ ಹೆಸರಿನಲ್ಲಿ ಇರಲೇ ಇಲ್ಲ. ಅವರು ದಂಡ, ಬಟ್ಟಲು, ಕತ್ತಿ, ನಾಣ್ಯಗಳ 56 ಸಣ್ಣ ಕಾರ್ಡುಗಳಿಗೂ ಬರೀ ಗುರುತು ಹಾಕದೆ ಜೀವಂತ ದೃಶ್ಯ ಬರೆದರು. ನನ್ನಂಥವಳು ಪುಸ್ತಿಕೆಯಿಲ್ಲದೆ ಕಲಿಯಲು ಸಾಧ್ಯವಾದದ್ದೇ ಅದರಿಂದ. ಅದಕ್ಕೇ ನಾನು ಸ್ಮಿತ್ ಹೆಸರನ್ನೂ ಸೇರಿಸಿಯೇ ಹೇಳುತ್ತೇನೆ.

ಪುರಾಣ ಒಳಗೆ ಬಂದದ್ದು ಎರಡನೆಯ ಕಾರ್ಡಿನಿಂದ, ಹೈ ಪ್ರೀಸ್ಟೆಸ್. ಒಂದು ಕಪ್ಪು, ಒಂದು ಬಿಳಿ ಕಂಬದ ನಡುವೆ ಕೂತ ಹೆಣ್ಣು, ಅವಳ ಹಿಂದೆ ದಾಳಿಂಬೆಗಳಿರುವ ಪರದೆ. ದಾಳಿಂಬೆ ನಮ್ಮ ಜಿಲ್ಲೆಯ ಬೆಳೆ. ಅದರ ಕೆಂಪು ಹೂವಿನ ತೊಗಲಿನಂಥ ದಪ್ಪ, ಕಾಯಿ ಸೀಳಿದಾಗ ಹಳದಿ ಪೊರೆಯ ಗೋಡೆಗಳ ನಡುವೆ ಬಿಗಿದು ಕೂತ ಕಾಳು, ಬೆರಳಿಗೆ ಹತ್ತಿ ಬಿಡದ ಕರೆ, ಇವು ಕೈಗೆ ಗೊತ್ತಿದ್ದವು. ಚಿತ್ರದಲ್ಲಿ ಆ ಹಣ್ಣು ಯಾಕಿದೆ ಎಂದು ಹುಡುಕುತ್ತ ಹೋಗಿ ಗ್ರೀಕ್ ಪುರಾಣದ ಪರ್ಸೆಫೊನಿಯ ಕಥೆ ಸಿಕ್ಕಿತು. ಪಾತಾಳದ ದೊರೆ ಹೇಡಿಸ್ ಅವಳನ್ನು ಹೊತ್ತೊಯ್ಯುತ್ತಾನೆ. ತಾಯಿ ಡಿಮೀಟರ್ ಮಗಳಿಗಾಗಿ ಅಲೆಯುತ್ತಾಳೆ, ದುಃಖದಲ್ಲಿ ಭೂಮಿ ಬೆಳೆಯದಂತೆ ತಡೆಯುತ್ತಾಳೆ. ಕೊನೆಗೆ ಮಗಳು ಮೇಲೆ ಬರುತ್ತಾಳೆ. ಆದರೆ ಪಾತಾಳದಲ್ಲಿ ದಾಳಿಂಬೆಯ ಕಾಳು ತಿಂದ ಕಾರಣಕ್ಕೆ ವರ್ಷದ ಮೂರನೇ ಒಂದು ಪಾಲು ಅಲ್ಲಿಗೇ ಮರಳಬೇಕು.

ಪಾಶ್ಚಾತ್ಯ ಪೇಗನ್ನರಲ್ಲಿ ಹಲವರು ಈ ಕಥೆಯನ್ನು ಚಳಿಗಾಲಕ್ಕೆ ಹೊಂದಿಸುತ್ತಾರೆ. ಅವರ ಎಂಟು ಹಬ್ಬಗಳ ವರ್ಷಚಕ್ರದಲ್ಲಿ ಡಿಸೆಂಬರಿನ ಯೂಲ್ ಅಂದರೆ ಕತ್ತಲ ತುದಿ. ಅದು ಅವರ ನೆಲಕ್ಕೆ ಸರಿ. ನಮ್ಮ ಎರೆ ಹೊಲದಲ್ಲಿ ಅದೇ ಹೊತ್ತಿಗೆ ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ. ಎಳ್ಳ ಅಮಾವಾಸ್ಯೆಗೆ ಸಜ್ಜೆ ಕಡುಬು, ಎಣ್ಣೆಗಾಯಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಅಂಥ ತುಂಬಿದ ಹೊಲದ ನಡುವೆ ನಿಂತು ಭೂಮಿ ಸತ್ತಿದೆ ಎಂದು ನಾನು ಹೇಗೆ ಪ್ರಾರ್ಥಿಸಲಿ? ನಮ್ಮಲ್ಲಿ ನೆಲ ಬಾಯಿ ಬಿಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆದ್ದರಿಂದ ಡಿಮೀಟರಳ ಶೋಕವನ್ನು ನಾನು ಆ ಬಿಸಿಲಿನಲ್ಲಿ ಓದುತ್ತೇನೆ, ಮೊದಲ ಮಳೆಗೆ ಮಗಳು ಬಂದಳು ಎನ್ನುತ್ತೇನೆ. ಕಥೆ ಗ್ರೀಸಿನದೇ, ಅದನ್ನು ನಮ್ಮದೆಂದು ಹೇಳಿಕೊಳ್ಳುವುದಿಲ್ಲ. ಓದುವ ಹೊತ್ತನ್ನು ಮಾತ್ರ ನನ್ನ ನೆಲ ಹೇಳುತ್ತದೆ. ಈ ಒಂದು ಬದಲಾವಣೆಯಿಂದ ನನ್ನ ಇಡೀ ಆಚರಣೆಗೆ ಜೀವ ಬಂತು.

ಅವ್ವ ಮೊದಮೊದಲು, “ಇಸ್ಪೀಟ ಎಲಿ ದೇವ್ರ ಮುಂದ ಯಾಕ ಇಟ್ಟಿ ಯವ್ವಾ?” ಅಂತ ಬೇಜಾರು ಮಾಡಿಕೊಂಡಿದ್ದಳು. ಒಂದು ದಿನ ಎಂಪ್ರೆಸ್ ಕಾರ್ಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನಕ್ಷತ್ರದ ಕಿರೀಟ, ದಾಳಿಂಬೆ ಬರೆದ ಸಡಿಲ ನಿಲುವಂಗಿ, ಕಾಲ ಬಳಿ ಬಲಿತ ಗೋಧಿ. “ಈಕಿ ಬಸರ ಅದಾಳ. ಮುಂದ ಪೈರ ನಿಂತೈತಿ. ಸೀಗಿ ಹುಣ್ಣಿಮಿ ಅಲ್ಲೇನ ಇದು?” ಅಂದಳು. ಸೀಗೆ ಹುಣ್ಣಿಮೆಗೆ ಭೂಮಿತಾಯಿಯನ್ನು ಬಸುರಿ ಎಂದು ಭಾವಿಸಿ ಬಯಕೆಯ ಊಟ ಕೊಡುವವಳು ಅವಳು. ಯಾವ ಪುಸ್ತಕದಿಂದಲೂ ಆ ಕಾರ್ಡು ನನಗೆ ಅಷ್ಟು ಚೆನ್ನಾಗಿ ತಿಳಿದಿರಲಿಲ್ಲ. ಆಮೇಲೆ ಬಾದಾಮಿಯ ಮ್ಯೂಸಿಯಮ್ಮಿನಲ್ಲಿ ಫಲವಂತಿಕೆಯ ದೇವಿ ಲಜ್ಜಾಗೌರಿಯ ಮುಂದೆ ನಿಂತಾಗ, ತಲೆಯ ಜಾಗದಲ್ಲಿ ಅರಳಿದ ಆ ಕಮಲವನ್ನು ನೋಡುತ್ತ, ಅವ್ವನ ಮಾತೇ ಕಿವಿಯಲ್ಲಿತ್ತು.

ಹದಿಮೂರನೆಯ ಕಾರ್ಡು ಡೆತ್. ಬಿಳಿ ಕುದುರೆಯ ಮೇಲೆ ಅಸ್ಥಿಪಂಜರ, ಕೆಳಗೆ ಬಿದ್ದ ರಾಜ, ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಇದಕ್ಕೆ ಹೆದರುವವರೇ ಹೆಚ್ಚು. ನಾನು ಇದನ್ನು ಜೋಕುಮಾರನ ಜೊತೆ ಇಟ್ಟು ಕಲಿತೆ. ಭಾದ್ರಪದದಲ್ಲಿ ಬೇವಿನೆಲೆಯ ಬುಟ್ಟಿಯಲ್ಲಿ, ಬಾಯಿಗೆ ಬೆಣ್ಣೆ ಸವರಿಸಿಕೊಂಡು ಮನೆಮನೆಗೆ ಬರುವ ಆ ಮಣ್ಣಿನ ಹುಡುಗ ಏಳೇ ದಿನಕ್ಕೆ ಸಾಯುತ್ತಾನೆ. ಅವನಿಂದ ಮಳೆ, ಬೆಳೆ. ಅಥೆನ್ಸಿನ ಹೆಂಗಸರೂ ಹರೆಯದಲ್ಲೇ ಸತ್ತ ಪುರಾಣದ ಚೆಲುವ ಅಡೋನಿಸ್‌ಗಾಗಿ ಕುಂಡಗಳಲ್ಲಿ ಬೇಗ ಮೊಳೆಯುವ ಬೀಜ ಬಿತ್ತಿ, ಅವು ಬಾಡಿದಾಗ ಅಳುತ್ತಿದ್ದರು. ಇಬ್ಬರೂ ಒಬ್ಬನೇ ಎಂದು ನಾನು ಹೇಳುವುದಿಲ್ಲ. ಎರಡೂ ಕಡೆ ಹೆಂಗಸರೇ ಅಳುತ್ತಾರೆ, ಅದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟಿದ್ದೇನೆ.

ಸವದತ್ತಿ ಎಲ್ಲಮ್ಮನನ್ನು ನಾನು ಯಾವ ಕಾರ್ಡಿನ ಜೊತೆಗೂ ಇಡುವುದಿಲ್ಲ. ಆಕೆ ನಮ್ಮಜ್ಜಿ ಭಂಡಾರ ಹಚ್ಚಿಕೊಂಡು ಉಧೋ ಉಧೋ ಎಂದ ದೇವಿ, ಇವತ್ತಿಗೂ ಜನ ಬಂಡಿ ಕಟ್ಟಿಕೊಂಡು ಹೋಗುವ ದೇವಿ. ಆಕೆಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ನೋವೂ ಆ ಗುಡ್ಡಕ್ಕಿದೆ. 1982ರ ದೇವದಾಸಿ ನಿಷೇಧ ಕಾಯ್ದೆ ಸುಮ್ಮನೆ ಬಂದದ್ದಲ್ಲ. ಇಷ್ಟೆಲ್ಲ ಇರುವ ಕಡೆ ಸಂಕೇತ ಹುಡುಕುವುದು ನನಗೆ ಒಪ್ಪುವುದಿಲ್ಲ. ಅಲ್ಲಿಗೆ ಹೋದರೆ ಉಡಿ ತುಂಬಿ ಬರುತ್ತೇನೆ, ಅಷ್ಟೇ.

ಈಗ ಗೆಳತಿಯರು ಕೇಳಿದರೆ ಮೂರು ಕಾರ್ಡು ಹಾಕುತ್ತೇನೆ. ಮದುವೆ ಯಾವಾಗ, ನೌಕರಿ ಸಿಗತದೇನು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವುದಿಲ್ಲ, ದುಡ್ಡು ತಗೊಳ್ಳುವುದಿಲ್ಲ. ಮೊದಲನೆಯದು ಈಗಿರುವ ಸ್ಥಿತಿ, ಎರಡನೆಯದು ಕಣ್ಣಿಗೆ ಬೀಳದೆ ಉಳಿದದ್ದು, ಮೂರನೆಯದು ಕೈಲಾದದ್ದು. ಚಿತ್ರದಲ್ಲಿ ಏನು ಕಾಣುತ್ತದೆ ಅಂತ ಮೊದಲು ಅವರೇ ಹೇಳಬೇಕು. ಹೊಸದಾಗಿ ಕಲಿಯುವವರು ಮೇಜರ್ ಅರ್ಕಾನಾ ಎಂಬ 22 ದೊಡ್ಡ ಕಾರ್ಡುಗಳಲ್ಲಿ ತಮ್ಮನ್ನು ಹಿಡಿದು ನಿಲ್ಲಿಸುವ ಒಂದನ್ನು ಆರಿಸಿಕೊಂಡು, ಅದರ ಹಿಂದಿನ ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಲಿ. ಕತ್ತಿಯ ಒಂದರಿಂದ ಹತ್ತರವರೆಗಿನ ಕಾರ್ಡುಗಳನ್ನು ಕೊನೆಗೆ ಇಟ್ಟುಕೊಂಡರೆ ಒಳ್ಳೆಯದು, ಅವು ಕಠಿಣ. ನಾನು ಅವನ್ನು ಈ ಬೇಸಿಗೆಯಲ್ಲಿ ಓದುತ್ತಿದ್ದೇನೆ.