ಗೇರ್ ಬಿಗಿಯಾಗಿದೆಯೇ? ಗೇರ್‌ಬಾಕ್ಸ್ ಇಳಿಸುವ ಮುನ್ನ ಕ್ಲಚ್ ಪರೀಕ್ಷಿಸಿ

ಕಾರಿನ ಗೇರ್ ಸರಾಗವಾಗಿ ಬೀಳುತ್ತಿಲ್ಲ ಎಂದೊಡನೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚುವ ಮಾತು ಬರುತ್ತದೆ. ಅದು ದುಬಾರಿ ಕೆಲಸ, ಎಷ್ಟೋ ಸಲ ಅನಗತ್ಯವೂ ಹೌದು. ದೋಷವು ಕ್ಲಚ್ಚಿನಲ್ಲಿರಬಹುದು, ಗೇರ್ ಲಿವರಿನ ಚಲನೆಯನ್ನು ಗೇರ್‌ಬಾಕ್ಸಿಗೆ ಒಯ್ಯುವ ಕೇಬಲ್ಲುಗಳಲ್ಲಿರಬಹುದು, ಇಲ್ಲವೇ ಗೇರ್‌ಬಾಕ್ಸಿನ ಒಳಗಿರಬಹುದು. ಈ ಮೂರರಲ್ಲಿ ಯಾವುದೆಂದು ಮಾಲೀಕರೇ ಮನೆಯಂಗಳದಲ್ಲಿ ಬಹುಮಟ್ಟಿಗೆ ಪತ್ತೆ ಮಾಡಬಹುದು.

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕ್ಲಚ್ ಪೂರ್ತಿ ಒತ್ತಿ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ. ಹಲ್ಲಿಗೆ ಹಲ್ಲು ಎದುರಾಗಿ ಯಾವುದಾದರೂ ಒಂದು ಗೇರ್ ತಡೆದರೆ, ನ್ಯೂಟ್ರಲ್‌ಗೆ ತಂದು ಮತ್ತೊಮ್ಮೆ ಹಾಕಿದರೆ ಬೀಳುತ್ತದೆ, ಅದು ದೋಷವಲ್ಲ. ಬಳಿಕ ಎಂಜಿನ್ ಚಾಲೂ ಮಾಡಿ ಇದನ್ನೇ ಪುನರಾವರ್ತಿಸಿ. ಎಂಜಿನ್ ಆರಿದ್ದಾಗ ಸಲೀಸಾಗಿ ಬೀಳುವ ಗೇರ್‌ಗಳು ಎಂಜಿನ್ ಓಡುತ್ತಿರುವಾಗ ಬಿಗಿಯಾದರೆ, ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸುತ್ತಿಲ್ಲ ಎಂದು ಬಲವಾಗಿ ಶಂಕಿಸಬಹುದು.

ಈ ಶಂಕೆಯನ್ನು ಖಚಿತಪಡಿಸಿಕೊಳ್ಳಲು ರಿವರ್ಸ್ ಗೇರ್ ನೆರವಾಗುತ್ತದೆ, ಏಕೆಂದರೆ ಅನೇಕ ಕಾರುಗಳಲ್ಲಿ ಅದಕ್ಕೆ ಸಿಂಕ್ರೊನೈಸರ್ (ಗೇರ್ ಬೀಳುವ ಮುನ್ನ ವೇಗಗಳನ್ನು ಸಮ ಮಾಡುವ ಭಾಗ) ಇರುವುದಿಲ್ಲ. ನಿಂತ ಕಾರಿನಲ್ಲಿ ಕ್ಲಚ್ ಪೂರ್ತಿ ಒತ್ತಿ, ನಾಲ್ಕೈದು ಸೆಕೆಂಡು ಕಾದು, ನಿಧಾನವಾಗಿ ರಿವರ್ಸ್ ಹಾಕಿ. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಅಷ್ಟರಲ್ಲಿ ತಿರುಗುವುದನ್ನು ನಿಲ್ಲಿಸಿರುತ್ತದೆ ಮತ್ತು ಗೇರ್ ಸದ್ದಿಲ್ಲದೆ ಬೀಳುತ್ತದೆ. ಕರಕರ ಸದ್ದು ಬಂದರೆ ಎಂಜಿನ್ ಇನ್ನೂ ಶಾಫ್ಟನ್ನು ಎಳೆಯುತ್ತಿದೆ.

ಕ್ಲಚ್ ಬಿಡದಿರುವುದಕ್ಕೆ ಮೊದಲು ಸರಳ ಕಾರಣಗಳನ್ನು ಹುಡುಕಿ. ದಪ್ಪನೆಯ ಮ್ಯಾಟ್ ಪೆಡಲಿನ ಹಿಂದೆ ಮಡಚಿಕೊಂಡರೆ ಪೆಡಲ್ ತಳ ಮುಟ್ಟುವುದೇ ಇಲ್ಲ. ಕೇಬಲ್ ಕ್ಲಚ್ಚಿನಲ್ಲಿ ಕೇಬಲ್ ಸಡಿಲಾಗಿರಬಹುದು ಅಥವಾ ಎಳೆ ಬಿಟ್ಟಿರಬಹುದು. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪೆಡಲನ್ನು ಎರಡು ಮೂರು ಸಲ ಬೇಗಬೇಗನೆ ಒತ್ತಿದಾಗ ಗೇರ್ ಸಲೀಸಾದರೆ, ದ್ರವದಲ್ಲಿ ಗಾಳಿ ಸೇರಿರಬಹುದು ಇಲ್ಲವೇ ಪೆಡಲಿನ ಬಳಿಯ ಮಾಸ್ಟರ್ ಅಥವಾ ಕ್ಲಚ್ಚಿನ ಬಳಿಯ ಸ್ಲೇವ್ ಸಿಲಿಂಡರಿನ ಸೀಲ್ ಸವೆದಿರಬಹುದು. ಹಲವು ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯಿಂದ ದ್ರವ ಹೋಗುವುದರಿಂದ, ಅದರ ಮಟ್ಟ ಇಳಿದಿದ್ದರೆ ಕಾರನ್ನು ಓಡಿಸದೆ ಸೋರಿಕೆಯನ್ನು ಮೊದಲು ಸರಿಪಡಿಸಿ. ಮಳೆಗಾಲದಲ್ಲಿ ಕರಾವಳಿಯಲ್ಲಿ ವಾರಗಟ್ಟಲೆ ನಿಂತ ಕಾರಿನ ಕ್ಲಚ್ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ (ಎಂಜಿನ್ನಿನೊಡನೆ ತಿರುಗುವ ಭಾರದ ಚಕ್ರಕ್ಕೆ) ಅಂಟಿಕೊಳ್ಳುವುದೂ ಉಂಟು. ಆಗ ಎಂಜಿನ್ ಓಡುತ್ತಿದ್ದರೆ ಒಂದು ಗೇರ್ ಕೂಡ ಬೀಳುವುದಿಲ್ಲ. ಇವೆಲ್ಲ ಸರಿಯಿದ್ದು ಕ್ಲಚ್ ಇನ್ನೂ ಎಳೆಯುತ್ತಿದ್ದರೆ ಮಾತ್ರ ಡೊಂಕಾದ ಪ್ಲೇಟ್ ಅಥವಾ ಬೇರಿಂಗ್ ನೋಡಲು ಗೇರ್‌ಬಾಕ್ಸ್ ಇಳಿಸುವುದು ನ್ಯಾಯ.

ಎಂಜಿನ್ ಆರಿದ್ದಾಗಲೂ ಎಲ್ಲ ಗೇರ್‌ಗಳು ಬಿಗಿಯಾಗಿದ್ದರೆ, ಗೇರ್‌ಬಾಕ್ಸಿನ ತುದಿಯಲ್ಲಿ ಶಿಫ್ಟ್ ಕೇಬಲ್ಲುಗಳನ್ನು ಕಳಚಿಸಿ ಲಿವರ್ ಆಡಿಸಿ ನೋಡಬೇಕು. ಲಿವರ್ ಆಗಲೂ ಗಟ್ಟಿಯಾಗಿದ್ದರೆ ದೋಷ ಕೇಬಲ್ಲಿನಲ್ಲಿ ಅಥವಾ ಲಿವರಿನ ಬುಡದಲ್ಲಿದೆ.

ಬೆಳಿಗ್ಗೆ ಬಿಗಿಯಾಗಿದ್ದು, ಕೆಲವು ಕಿಲೋಮೀಟರ್ ಓಡಿದ ಮೇಲೆ ಸಡಿಲಾಗುವ ಗೇರ್, ಗೇರ್‌ಬಾಕ್ಸಿನ ಆಯಿಲ್ ಕಡೆಗೆ ಬೆರಳು ತೋರಿಸುತ್ತದೆ. ಆಯಿಲ್ ಬದಲಿಸುವಾಗ ದಪ್ಪವನ್ನಷ್ಟೇ ನೋಡಿದರೆ ಸಾಲದು. ಜಿಎಲ್-4 ದರ್ಜೆಯ ಆಯಿಲ್ ಬೇಕಾದ ಗೇರ್‌ಬಾಕ್ಸಿಗೆ ಜಿಎಲ್-5 ಸುರಿಯುವುದು ಮೇಲ್ದರ್ಜೆಯ ಆರೈಕೆಯಲ್ಲ: ಅದರಲ್ಲಿ ಹೆಚ್ಚಾಗಿರುವ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳಿಗೆ ಹಾನಿ ಮಾಡಬಹುದು. ಕಾರಿನ ಕೈಪಿಡಿ ಹೇಳುವ ಆಯಿಲನ್ನೇ ಹಾಕಿಸಿ.

ಒಂದೇ ಗೇರ್, ಅದರಲ್ಲೂ ಮೂರರಿಂದ ಎರಡಕ್ಕೆ ಇಳಿಸುವಾಗ, ಕರಕರ ಎಂದರೆ ಆ ಗೇರಿನ ಸಿಂಕ್ರೊನೈಸರ್ ಸವೆದಿರುವ ಸಾಧ್ಯತೆ ಹೆಚ್ಚು. ಶಾಫ್ಟಿನ ವೇಗವನ್ನೂ ಗೇರಿನ ವೇಗವನ್ನೂ ಉಜ್ಜಿ ಸಮ ಮಾಡುವುದೇ ಈ ರಿಂಗಿನ ಕೆಲಸವಾದ್ದರಿಂದ, ಲಿವರನ್ನು ಬಲವಂತವಾಗಿ ದಬ್ಬುವವರ ಕಾರಿನಲ್ಲಿ ಅದು ಬೇಗ ಸವೆಯುತ್ತದೆ.

ತಪ್ಪು ಗೇರ್ ಬೀಳುವುದು ಹೆಚ್ಚಾಗಿ ಕೈಯ ಬಿಗಿತದಿಂದ. ಲಿವರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟರೆ ಒಳಗಿನ ಸ್ಪ್ರಿಂಗ್ ಅದನ್ನು ಮೂರು ಮತ್ತು ನಾಲ್ಕರ ನಡುಸಾಲಿಗೆ ತಾನೇ ತರುತ್ತದೆ. ಆದ್ದರಿಂದ ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ನ್ಯೂಟ್ರಲ್‌ಗೆ ತಂದು, ಹಿಡಿತ ಸಡಿಲಿಸಿ, ಅಂಗೈಯಿಂದ ನೇರವಾಗಿ ಮುಂದಕ್ಕೆ ಒತ್ತಿ. ಐದರಿಂದ ನಾಲ್ಕಕ್ಕೆ ಬರುವಾಗಲೂ ಅಡ್ಡಕ್ಕೆ ನೂಕದೆ ಸ್ಪ್ರಿಂಗ್ ಸಾಲು ಹುಡುಕಲು ಬಿಟ್ಟು, ಬಳಿಕ ಹಿಂದಕ್ಕೆ ಎಳೆಯಿರಿ.

ಮೂರರಿಂದ ನಾಲ್ಕಕ್ಕೆ ಹೋಗಬೇಕಾದದ್ದು ಎರಡಕ್ಕೆ ಬಿದ್ದರೆ ಆಗುವ ಹಾನಿ ಸಣ್ಣದಲ್ಲ. ಮೂರನೆಯ ಗೇರಿನ ಅನುಪಾತ 1.3, ಎರಡನೆಯದು 1.9 ಇರುವ ಕಾರಿನಲ್ಲಿ 5,000 ಆರ್‌ಪಿಎಂನಲ್ಲಿದ್ದ ಎಂಜಿನ್, ಕ್ಲಚ್ ಪೆಡಲಿನಿಂದ ಕಾಲೆತ್ತಿದೊಡನೆ ಸುಮಾರು 7,300ಕ್ಕೆ ಏರುತ್ತದೆ. ಎಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಇಂಧನವನ್ನು ಮಾತ್ರ ಕಡಿಯಬಲ್ಲದು. ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳಾದ್ದರಿಂದ ಅದು ಇಲ್ಲಿ ನೆರವಿಗೆ ಬಾರದು, ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯಲೂಬಹುದು. ಹೀಗಾದಾಗ ಮೊದಲು ಕ್ಲಚ್ ಒತ್ತಿ.

ಆಗುಂಬೆಯಂಥ ಘಾಟಿ ಇಳಿಯುವಾಗ ತಿರುವಿನ ಒಳಗೆ ಗೇರ್ ಬದಲಿಸಬೇಡಿ. ತಿರುವಿಗೆ ಮೊದಲೇ ಬ್ರೇಕಿನಿಂದ ವೇಗ ತಗ್ಗಿಸಿ ಎರಡನೆಯ ಗೇರಿಗೆ ಬನ್ನಿ. ಗೇರ್ ಸಿಗದೆ ಕಾರು ನ್ಯೂಟ್ರಲ್‌ನಲ್ಲಿ ಉಳಿದುಬಿಟ್ಟರೆ ಲಿವರಿನೊಡನೆ ಗುದ್ದಾಡದೆ ಕಾಲನ್ನು ಬ್ರೇಕಿನ ಮೇಲಿಡಿ, ವೇಗ ಹತೋಟಿಗೆ ಬಂದ ಮೇಲಷ್ಟೇ ಗೇರ್ ಹಾಕಿ.