ಶೆಟ್ಟಿಹಳ್ಳಿ ಚರ್ಚಿಗೆ ಹೋದರೆ ಫೋಟೊ ಮಾತ್ರ ತೆಗೆದು ಬರಬೇಡಿ, ಕಟ್ಟಡವನ್ನೂ ನೋಡಿ

ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಅರ್ಧ ಮುಳುಗಿದ ಚರ್ಚಿನ ಫೋಟೊ ನೀವೆಲ್ಲ ನೋಡಿರುತ್ತೀರಿ. ಚೆನ್ನಾಗಿರುತ್ತದೆ, ನಿಜ. ಆದರೆ ಕಟ್ಟಡ ಅರ್ಥ ಆಗಬೇಕು ಅಂದರೆ ಬೇಸಿಗೆಯಲ್ಲಿ ಹೋಗಿ. ಹಾಸನದಿಂದ ಸುಮಾರು 20 ಕಿಲೋಮೀಟರ್ ಅಷ್ಟೇ. ನೀರು ಇಳಿದಿರುತ್ತದೆ, ಗೋಡೆ ಹತ್ತಿರಕ್ಕೇ ನಡೆದು ಹೋಗಬಹುದು. ಬೆಳಿಗ್ಗೆ ಎಂಟರೊಳಗೆ ತಲುಪಿದರೆ ಇನ್ನೂ ಒಳ್ಳೆಯದು, ಯಾಕಂದರೆ ಓರೆ ಬಿಸಿಲಿಗೆ ಇಟ್ಟಿಗೆಯ ಒಂದೊಂದು ಸಾಲೂ ಎದ್ದು ಕಾಣುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಈ ರೋಸರಿ ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. ಆಗ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. ಅಲ್ಲಿನ ಹಳ್ಳಿಹಳ್ಳಿಯಲ್ಲೂ ಹಳೇ ಗಾಥಿಕ್ ಶೈಲಿ, ಅಂದರೆ ಯೂರೋಪಿನ ಮಧ್ಯಕಾಲದ ಮೊನಚು ಕಮಾನಿನ ಶೈಲಿ, ಮತ್ತೆ ಬಂದಿತ್ತು. ಪ್ಯೂಜಿನ್ ಅನ್ನುವ ವಾಸ್ತುಶಿಲ್ಪಿ, ಚರ್ಚು ಅಂದರೆ ಮೊನಚು ಕಮಾನಿನದ್ದೇ ಆಗಬೇಕು ಅಂತ ಹಟ ಹಿಡಿದಿದ್ದ. 1839ರಲ್ಲಿ ಕೇಂಬ್ರಿಡ್ಜಿನ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿಕೊಂಡು, ಚರ್ಚಿನ ಚಾವಣಿ ಕಡಿದಾಗಿರಬೇಕು, ಪಾದ್ರಿ ಪೂಜೆ ಮಾಡುವ ಬಲಿಪೀಠದ ಭಾಗ ಬೇರೆಯಾಗಿ ಕಾಣಬೇಕು ಅಂತೆಲ್ಲ ಪ್ರಚಾರ ಮಾಡಿದರು. ಫ್ರಾನ್ಸಿನಲ್ಲೂ ಅದೇ ಗಾಳಿ, 1840ರ ದಶಕದಲ್ಲಿ ಪ್ಯಾರಿಸ್ಸಿನ ನೊಟ್ರ ಡಾಮ್ ರಿಪೇರಿ ಶುರುವಾಗಿತ್ತು. ಆ ಗಾಳಿ ನಮ್ಮ ಹೇಮಾವತಿ ದಂಡೆಗೂ ಬಂತು. ಆಮೇಲೆ ಗೊರೂರಿನಲ್ಲಿ ಅಣೆಕಟ್ಟು ಬಂತು, 1979ರಲ್ಲಿ ಕೆಲಸ ಮುಗಿಯಿತು, ಊರು ಎತ್ತಂಗಡಿ ಆಯಿತು, ಚರ್ಚ್ ಒಂಟಿಯಾಯಿತು.

ಬಳಕೆಯಲ್ಲಿರುವ ಚರ್ಚಿನಲ್ಲಿ ಗಾರೆ, ಸುಣ್ಣ, ಬಣ್ಣ ಎಲ್ಲವನ್ನೂ ಮುಚ್ಚಿರುತ್ತವೆ. ಇಲ್ಲಿ ಚಾವಣಿ ಇಲ್ಲ, ಗಾರೆ ಉದುರಿದೆ, ಇಟ್ಟಿಗೆ ಕಾಣುತ್ತಿದೆ. ಕಟ್ಟಡದ ಮೂಳೆಗಳೇ ಎದುರಿಗಿವೆ. ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ನಮ್ಮ ಜಿಲ್ಲೆಯಲ್ಲಿ ನನಗಂತೂ ಗೊತ್ತಿಲ್ಲ.

ಒಳಗೆ ಹೋಗುವ ಮೊದಲು ಒಂದು ಸುತ್ತು ಹಾಕಿ. ಮೊಬೈಲಿನಲ್ಲಿ ದಿಕ್ಸೂಚಿ ತೆಗೆಯಿರಿ. ನಮ್ಮ ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ದೇವರು ಪೂರ್ವಕ್ಕೆ ಮುಖ ಮಾಡಿರುತ್ತಾನೆ, ನಾವು ಪೂರ್ವದಿಂದ ಒಳಗೆ ಹೋಗುತ್ತೇವೆ, ಅಲ್ವಾ. ಹಳೇ ಚರ್ಚಿನ ಪದ್ಧತಿ ಉಲ್ಟಾ: ಬಾಗಿಲು ಪಶ್ಚಿಮಕ್ಕೆ, ಬಲಿಪೀಠ ಪೂರ್ವಕ್ಕೆ. ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ಇದು ಹೆಚ್ಚುಕಡಿಮೆ ಕಟ್ಟುನಿಟ್ಟು. ಹೊರನಾಡಿನಲ್ಲಿ ಕಟ್ಟಿದವರು ಎಲ್ಲ ಕಡೆ ಪಾಲಿಸಲಿಲ್ಲ, ಹಾಗಾಗಿ ಪ್ರತಿ ಚರ್ಚಿನಲ್ಲೂ ನೀವೇ ನೋಡಿ ಖಚಿತ ಮಾಡಿಕೊಳ್ಳಿ. ಜ್ಞಾನಸ್ನಾನದ ತೊಟ್ಟಿ ಹೆಚ್ಚಾಗಿ ಬಾಗಿಲ ಹತ್ತಿರವೇ ಇರುತ್ತದೆ, ನೀರಿನ ಆ ಶಾಸ್ತ್ರದಿಂದಲೇ ಮಗು ಕ್ರೈಸ್ತ ಸಭೆಗೆ ಸೇರುವುದು ಅನ್ನುವ ಅರ್ಥದಲ್ಲಿ. ಜನ ಕೂರುವ ಉದ್ದನೆ ಹಜಾರ ನಮ್ಮ ನವರಂಗ ಇದ್ದಹಾಗೆ, ಪೀಠದ ಭಾಗ ಗರ್ಭಗುಡಿ ಇದ್ದಹಾಗೆ. ಪೂರ್ತಿ ಸರಿಯಾದ ಹೋಲಿಕೆ ಅಲ್ಲ, ಆದರೆ ಮೊದಲ ಸಲ ನೋಡುವವರಿಗೆ ಸಾಕು.

ಈಗ ಕಮಾನು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಅರ್ಧಚಂದ್ರದ ಕಮಾನಿನ ಎತ್ತರ ಅದರ ಅಗಲದ ಅರ್ಧ, ಬದಲಿಸೋಕೆ ಆಗಲ್ಲ. ಮೊನಚು ಕಮಾನಿಗೆ ಆ ಕಟ್ಟು ಇಲ್ಲ. ಮನೆ ಅಂಗಳದಲ್ಲಿ ರಂಗೋಲಿಗೆ ವೃತ್ತ ಎಳೆಯುವ ಹಾಗೆ ಮಾಡಿ ನೋಡಿ: ಒಂದು ಮೀಟರ್ ದೂರದಲ್ಲಿ ಎರಡು ಮೊಳೆ, ಒಂದು ಮೀಟರ್ ದಾರ. ಈ ಮೊಳೆಯಿಂದ ಒಂದು ಬಾಗು, ಆ ಮೊಳೆಯಿಂದ ಇನ್ನೊಂದು. ಎರಡೂ ಸೇರುವ ಜಾಗದಲ್ಲಿ ಮೊನಚು ಬರುತ್ತದೆ. ದಾರ ಉದ್ದ ಮಾಡಿ ಮೊಳೆಗಳನ್ನು ಅದೇ ಗೆರೆಯಲ್ಲಿ ಆಚೆ ಈಚೆ ದೂರ ಇಟ್ಟರೆ ಅದೇ ಅಗಲಕ್ಕೆ ಕಮಾನು ಇನ್ನೂ ಎತ್ತರ. ಜೊತೆಗೆ ಮೇಲಿನ ಭಾರ ಪಕ್ಕಕ್ಕೆ ತಳ್ಳುವುದು ಕಮ್ಮಿ, ಕೆಳಗೆ ಇಳಿಯುವುದು ಜಾಸ್ತಿ. ಉದ್ದುದ್ದ, ಕಿರಿದಾದ ಕಿಟಕಿಗಳು ಸಾಧ್ಯ ಆಗಿದ್ದು ಇದರಿಂದ.

ಆದರೂ ಸ್ವಲ್ಪ ತಳ್ಳುತ್ತದಲ್ಲ, ಅದಕ್ಕೇ ಗಾಥಿಕ್ ಚರ್ಚಿನ ಗೋಡೆಗೆ ಹೊರಗಿನಿಂದ ದಪ್ಪ ಆನಿಕೆ ಕಂಬಗಳು. ಬಟ್ರೆಸ್ ಅಂತಾರೆ. ಅದು ಸುಮ್ನೆ ಅಂದಕ್ಕೆ ಅಲ್ಲ. ಗೋಡೆಯ ನೆತ್ತಿಯಲ್ಲಿ ತೊಲೆ ಕೂರಿಸಿದ ಗೂಡುಗಳು ಉಳಿದಿವೆಯಾ ಅಂತಲೂ ಹುಡುಕಿ, ಚಾವಣಿ ಎಲ್ಲಿಂದ ಶುರುವಾಗಿತ್ತು ಅನ್ನುವುದು ಗೊತ್ತಾಗುತ್ತದೆ.

ಹತ್ತಿರ ಹೋಗಿ ಇಟ್ಟಿಗೆ ಸಂದಿಯನ್ನು ಕಣ್ಣಲ್ಲೇ ನೋಡಿ, ಉಗುರು ಹಾಕಬೇಡಿ. ನಾನು ಹೋದ ಸಲ ಒಂದು ಗೋಡೆ ಮುಂದೆ ಕಾಲು ಗಂಟೆ ಕೂತಿದ್ದೆ. ಇಟ್ಟಿಗೆಯ ಮೈ ಕೆಲವು ಕಡೆ ಪುಡಿಯಾಗಿ ಒಳಗೆ ಹೋಗಿದೆ, ಸುಣ್ಣದ ಗಾರೆ ಮಾತ್ರ ತೆಳುವಾದ ಬಿಳೀ ಗೆರೆಯಾಗಿ ಮುಂದಕ್ಕೆ ನಿಂತಿದೆ. ಅದಕ್ಕೆ ಬೆಲ್ಲ, ಮೊಟ್ಟೆ ಹಾಕಿದ್ದರು ಅಂತ ಜನ ಹೇಳುತ್ತಾರೆ. ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಹಳೇ ಗೋಡೆಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆ ಹಾಳಾಗುತ್ತದೆ. ನಿಮ್ಮೂರಿನ ಹಳೇ ಚರ್ಚಿಗೋ ಮನೆಗೋ ಯಾರಾದರೂ ಸಿಮೆಂಟ್ ಹಿಡಿದು ಬಂದರೆ ದಯವಿಟ್ಟು ತಡೆಯಿರಿ. ಇಂಗ್ಲೆಂಡಿನಲ್ಲೂ ರಿಪೇರಿ ಹೆಸರಲ್ಲಿ ಎಷ್ಟೋ ಚರ್ಚುಗಳನ್ನು ಕೆರೆದು ಹಾಳು ಮಾಡಿದರು, ಅದನ್ನು ನಿಲ್ಲಿಸೋಕೆ ಅಂತಲೇ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಒಂದು ಸಂಘ ಕಟ್ಟಿದ.

ಗೋಡೆ ಹತ್ತಬೇಡಿ, ಕಮಾನಿನ ಕೆಳಗೆ ಗುಂಪಾಗಿ ನಿಲ್ಲಬೇಡಿ, ಹೆಸರು ಕೆತ್ತಬೇಡಿ. ವರ್ಷ ವರ್ಷ ನೆನೆದು ಒಣಗಿದ ಗೋಡೆ ಅದು, ತುಂಬಾ ಸೋತಿದೆ.

ಇತಿಹಾಸ ಇನ್ನೂ ಬೇಕಾದರೆ ಸುತ್ತಲಿನ ಊರುಗಳ ಹಿರಿಯರನ್ನು ಮಾತಾಡಿಸಿ. ಪೀಠ ಎಲ್ಲಿತ್ತು, ಪೂಜೆಗೆ ಯಾವ ಊರವರು ಬರುತ್ತಿದ್ದರು ಅಂತ ಕೇಳಿ. ಬೇರೆ ಹಳೇ ಚರ್ಚಿಗೆ ಹೋದರೆ ಅಲ್ಲಿನ ಫಾದರನ್ನು ಮರ್ಯಾದೆಯಿಂದ ಕೇಳಿ, ಜ್ಞಾನಸ್ನಾನದ, ಮದುವೆಯ ರಿಜಿಸ್ಟರುಗಳಲ್ಲಿ ಊರಿನ ಕತೆಯೇ ಇರುತ್ತದೆ. ಹಾಸನ ಜಿಲ್ಲೆ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ ಸೇರಿದ್ದು, ಆ ಧರ್ಮಪ್ರಾಂತ್ಯ ಶುರುವಾಗಿದ್ದು 1963ರಲ್ಲಿ.

ಅದೇ ದಿನ ಸಮಯ ಉಳಿದರೆ ಬೇಲೂರು ರಸ್ತೆ ಹಿಡಿದು ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಹೋಗಿ. ಹೊಯ್ಸಳರ ಕೆಲಸ, 12ನೇ ಶತಮಾನದ್ದು. ಬಾಗಿಲ ಮೇಲೆ ಕಣ್ಣು ಹಾಯಿಸಿ: ಕಮಾನೇ ಇಲ್ಲ. ಎರಡು ಕಂಬ, ಮೇಲೆ ಅಡ್ಡಲಾಗಿ ಒಂದು ಕಲ್ಲಿನ ತೊಲೆ. ಬೆಳಿಗ್ಗೆ ನೋಡಿದ ಇಟ್ಟಿಗೆ ಕಮಾನನ್ನು ನೆನಪು ಮಾಡಿಕೊಂಡು, ಭಾರ ಇಲ್ಲಿ ಹೇಗೆ ಇಳಿಯುತ್ತಿದೆ ಅಂತ ಬೆರಳಲ್ಲಿ ಗಾಳಿಯಲ್ಲೇ ಗೆರೆ ಎಳೆದು ನೋಡಿ.