ಹಳೇ ಟೋಪೋಶೀಟ್ ಕೂರಿಸುವಾಗ ನದಿ ತಿರುವಿಗೆ ಪಾಯಿಂಟ್ ಹಾಕ್ಬೇಡಿ – ನನ್ನ ಅನುಭವ

ಒಂದು ನದಿ ಕಣಿವೆಯ ಹಳೇ ಟೋಪೋಶೀಟನ್ನ (ಗುಡ್ಡ, ನದಿ, ರಸ್ತೆ ತೋರಿಸೋ ಸರ್ವೆ ನಕ್ಷೆ) ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸೋಕೆ ಹೊರಟಿದ್ದೆ. ಒಂದು ಇಂಚಿಗೆ ಒಂದು ಮೈಲಿ, ಅಂದ್ರೆ 1:63,360 ಸ್ಕೇಲು. 300 ಡಿಪಿಐ (ಇಂಚಿಗೆ 300 ಚುಕ್ಕಿ) ಸ್ಕ್ಯಾನಲ್ಲಿ ಒಂದು ಪಿಕ್ಸೆಲ್ ಅಂದ್ರೆ ನೆಲದ ಮೇಲೆ ಸುಮಾರು 5.4 ಮೀಟರ್, ಅರ್ಧ ಮಿಲಿಮೀಟರ್ ಗೆರೆ ಅಂದ್ರೆ 32 ಮೀಟರ್ ಹತ್ರ, ಇದನ್ನ ಮೊದಲೇ ಲೆಕ್ಕ ಹಾಕಿಟ್ಕೊಳ್ಳಿ, ಇಲ್ಲಾಂದ್ರೆ ಆ ಶೀಟಲ್ಲೇ ಇಲ್ಲದ ನಿಖರತೆಗೆ ದಿನಗಟ್ಟಲೆ ಒದ್ದಾಡ್ತೀರ.

ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನಲ್ಲಿ ಜಿಯೋರೆಫರೆನ್ಸರ್ (ಸ್ಕ್ಯಾನ್ ಮಾಡಿದ ನಕ್ಷೇನ ನಿಜವಾದ ಜಾಗಕ್ಕೆ ಕೂರಿಸೋ ಟೂಲು) ತೆಗೆದು ಕಂಟ್ರೋಲ್ ಪಾಯಿಂಟ್, ಅಂದ್ರೆ ಹಳೇ ನಕ್ಷೇಲೂ ಈಗಿನ ಚಿತ್ರದಲ್ಲೂ ಇದು ಒಂದೇ ಜಾಗ ಅಂತ ಗುರುತಿಸೋ ಬಿಂದು, ಹಾಕೋಕೆ ಶುರು ಮಾಡ್ದೆ. ಹಳ್ಳಿ ಕಡೆ ಶೀಟು, ರಸ್ತೆ ಕಮ್ಮಿ, ಕಣ್ಣಿಗೆ ಎದ್ದು ಕಾಣೋದು ನದಿ ಒಂದೇ, ಅದಕ್ಕೆ ತಿರುವುಗಳಿಗೆ, ಹಳ್ಳ ಬಂದು ಸೇರೋ ಜಾಗಕ್ಕೆಲ್ಲ ಪಾಯಿಂಟ್ ಹಾಕ್ಬಿಟ್ಟೆ. ಟ್ರಾನ್ಸ್‌ಫಾರ್ಮೇಶನ್ನು (ನಕ್ಷೇನ ಹೊಂದಿಸೋ ಲೆಕ್ಕದ ವಿಧಾನ) ಥಿನ್ ಪ್ಲೇಟ್ ಸ್ಪ್ಲೈನ್. ಎರರ್ (ಪಾಯಿಂಟ್‌ಗಳು ಎಷ್ಟು ಆಚೀಚೆ ಬಿದ್ವು ಅನ್ನೋ ಅಂಕಿ) ಹೆಚ್ಚುಕಮ್ಮಿ ಸೊನ್ನೆ ತೋರಿಸ್ತು, ಖುಷಿಯಾಯ್ತು. ಆಮೇಲೆ ನೋಡಿದ್ರೆ ಗುಡ್ಡದ ಕಾಂಟೂರ್‌ಗಳು (ಒಂದೇ ಎತ್ತರದ ಜಾಗ ಸೇರಿಸೋ ಗೆರೆಗಳು) ಸೊಟ್ಟ, ನೇರ ಇದ್ದ ರಸ್ತೆ ಬಾಗಿದೆ! ಸ್ಪ್ಲೈನ್ ನಾವು ಹಾಕಿದ ಪಾಯಿಂಟ್‌ಗೆ ಮ್ಯಾಪನ್ನೇ ಎಳೆದು ಕೂರಿಸುತ್ತೆ, ಪಾಯಿಂಟೇ ತಪ್ಪಿದ್ರೂ ಎರರ್ ಸೊನ್ನೇನೇ.

ತಪ್ಪು ನಂದೇ. ಬಯಲಲ್ಲಿ ಹರಿಯೋ ನದಿ ತಿರುವಿನ ಹೊರ ದಂಡೆ ಕೊರೀತಾ, ಒಳ ದಂಡೇಲಿ ಮರಳು ಬಿಡ್ತಾ ಜರುಗ್ತಾನೇ ಇರುತ್ತೆ, ದೊಡ್ಡ ಪ್ರವಾಹ ಬಂದ್ರೆ ತಿರುವಿನ ಕುತ್ತಿಗೇನೇ ಕತ್ತರಿಸ್ಕೊಂಡು ನೇರ ಹೋಗ್ಬಿಡುತ್ತೆ. ನಾನು ಹಳೇ ನದೀನ ಹೊಸ ನದಿ ಮೇಲೆ ಬಲವಂತವಾಗಿ ಕೂರಿಸಿದ್ದೆ.

ಎಲ್ಲಾ ಅಳಿಸಿ ಮೊದಲಿಂದ ಶುರು. ಈ ಸಲ ಶೀಟಿನ ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ, ಹಳೇ ಕಲ್ಲಿನ ಸೇತುವೆಗಳು, ಗುಡ್ಡದ ತುದಿಯ ತ್ರಿಕೋನ ಗುರುತು ಇರೋ ಸರ್ವೆ ಪಾಯಿಂಟುಗಳು, ಇಷ್ಟೇ. ಮೂಲೆ ಅಂಕಿ ಹಾಕುವಾಗ ಹುಷಾರು, ಅವು ಆ ಕಾಲದ ಡೇಟಮ್‌ನಲ್ಲಿ (ಅಕ್ಷಾಂಶ ರೇಖಾಂಶ ಅಳೆಯೋಕೆ ಇಟ್ಕೊಂಡ ಆಧಾರ) ಇರುತ್ತವೆ, ನೇರವಾಗಿ ಈಗಿನ ಜಿಪಿಎಸ್ ಬಳಸೋ ಡಬ್ಲ್ಯೂಜಿಎಸ್ 84 ಅಂತ ತಗೊಂಡ್ರೆ ಇಡೀ ಶೀಟು ನೂರಾರು ಮೀಟರ್ ಸರಿದು ಕೂರಬಹುದು. ಟ್ರಾನ್ಸ್‌ಫಾರ್ಮೇಶನ್ ಪಾಲಿನಾಮಿಯಲ್ 1, ಅದು ಇಡೀ ಶೀಟನ್ನ ಒಟ್ಟಿಗೆ ಸರಿಸಿ, ತಿರುಗಿಸಿ, ಹಿಗ್ಗಿಸುತ್ತೆ, ನೇರ ಗೆರೇನ ಬಾಗಿಸಲ್ಲ. ಇದಕ್ಕೆ ಮೂರು ಪಾಯಿಂಟ್ ಸಾಕು ಅಂತಾರೆ, ಆದ್ರೆ ಮೂರೇ ಹಾಕಿದ್ರೆ ತಪ್ಪು ಯಾವ್ದು ಅಂತ ಗೊತ್ತೇ ಆಗಲ್ಲ, ನಾನು ಹತ್ತು ಹಾಕ್ದೆ. ಎರರ್ ಸೊನ್ನೆ ಬರ್ಲಿಲ್ಲ, 30 ಮೀಟರ್ ಆಸುಪಾಸು ನಿಂತ್ಕೊಳ್ತು, ಈ ಸ್ಕೇಲಿಗೆ ಅದು ನಂಬೋ ಅಂಥ ಅಂಕಿ.

ಆಗ ಕಂಡಿದ್ದೇ ಬೇರೆ. ಹಳೇ ನದಿಯ ಒಂದು ದೊಡ್ಡ ತಿರುವು ಈಗಿನ ಹೊಲಗಳ ಮಧ್ಯೆ ಬಂದು ಬಿತ್ತು, ಸ್ಯಾಟಲೈಟ್ ಚಿತ್ರದಲ್ಲಿ ಅದೇ ಜಾಗದಲ್ಲಿ ಲಾಳದ ಆಕಾರಕ್ಕೆ ಕಡು ಹಸಿರು ಪಟ್ಟಿ, ಇನ್ನೂ ತೇವ ಇದೆ ಅಲ್ಲಿ. ಹಳೇ ದಂಡೇನ ಬೇರೆ ಲೇಯರ್ ಆಗಿ ಎಳೆದು ಹೆಸರಿನ ಜೊತೆ ಸರ್ವೆ ಮಾಡಿದ ವರ್ಷ ಹಾಕಿಟ್ಟೆ, ಅಂಚಿನಲ್ಲಿ ದೊಡ್ಡದಾಗಿ ಇರೋ ಪ್ರಿಂಟ್ ವರ್ಷ ಅಲ್ಲ, ಎರಡಕ್ಕೂ ಎಷ್ಟೋ ವರ್ಷ ಅಂತರ ಇರುತ್ತೆ. ಆಮೇಲೆ ಈಗಿನ ಊರ ಗಡಿ ಗೆರೇನ ಮೇಲೆ ಹಾಕ್ದೆ. ನದಿ ಅಲ್ಲಿಂದ ಯಾವಾಗ್ಲೋ ಹೋಗಿದೆ, ಗಡಿ ಮಾತ್ರ ಆ ಹಳೇ ತಿರುವನ್ನೇ ಸುತ್ತಿಕೊಂಡು ಹೋಗ್ತಾ ಇದೆ.